ಒಂದೇ ಮನೆ, ಮೂವರಿಗೆ ಮೂರು ಅಪ್ಪ: ಏಟಿನ ಬಾಲ್ಯವನ್ನೂ ಒಡಹುಟ್ಟಿದವರನ್ನೂ ಕತೆಯಲ್ಲಿ ಬರೆಯುವುದು ಹೇಗೆ

ಹೋದ ವರ್ಷ ಗೆಳೆಯರೊಬ್ಬರು ಒಂದು ಕತೆ ಓದಲು ಕೊಟ್ಟರು. ಮೊದಲ ಪುಟದಲ್ಲಿ ಅಪ್ಪ ಬೆಲ್ಟು ಬಿಚ್ಚುತ್ತಾನೆ. ಮೂರನೇ ಪುಟದಲ್ಲಿ ಮಗ ದೊಡ್ಡವನಾಗಿ ಕುಡುಕನಾಗಿದ್ದಾನೆ. ಹತ್ತನೇ ಪುಟದಲ್ಲಿ ಅಪ್ಪ ಆಸ್ಪತ್ರೆಯಲ್ಲಿ ಸಾಯುತ್ತಾ ಮಗನ ಕೈ ಹಿಡಿದು ಅಳುತ್ತಾನೆ, ಮಗನೂ ಅಳುತ್ತಾನೆ, ಕಿಟಕಿಯಾಚೆ ಮಳೆ. ಆ ಮನೆಯಲ್ಲಿ ಒಬ್ಬ ಅಕ್ಕನೂ ಇದ್ದಳು. ಇಡೀ ಕತೆಯಲ್ಲಿ ಅವಳು ಮಾಡಿದ್ದು ಕಾಫಿ ತಂದುಕೊಟ್ಟಿದ್ದು ಒಂದೇ.

ನನಗೆ ಬೇಕಾಗಿದ್ದು ಆ ಅಕ್ಕನ ಕತೆ. ಅಪ್ಪ ಹೊಡೆಯುತ್ತಿದ್ದಾಗ ಅವಳು ಎಲ್ಲಿ ನಿಂತಿದ್ದಳು? ಅವಳಿಗೂ ಬೀಳುತ್ತಿತ್ತಾ? ಬೀಳದೇ ಇದ್ದರೆ ಯಾಕೆ? ತಮ್ಮ ಕುಡಿದು ಬಿದ್ದ ರಾತ್ರಿ ಅವಳಿಗೆ ಫೋನ್ ಬಂದಾಗ ಮೊದಲು ಬಂದಿದ್ದು ಕನಿಕರವಾ, ಸಿಟ್ಟಾ, ಇಲ್ಲಾ 'ಅವತ್ತು ನಾನು ಸುಮ್ಮನಿದ್ದೆ' ಅನ್ನೋ ಹಳೇ ಸಂಕಟವಾ? ಹೊಡೆಯುವ ಅಪ್ಪ ಮತ್ತು ಏಟು ತಿನ್ನುವ ಮಗು, ಇವರಿಬ್ಬರ ಕತೆ ನಮಗೆಲ್ಲ ಗೊತ್ತು. ಅದೇ ಮನೆಯ ಮಕ್ಕಳು ಮಕ್ಕಳ ನಡುವೆ ಏನಾಗುತ್ತದೆ ಅನ್ನೋದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಈ ಬರಹ ಅದರ ಬಗ್ಗೆ. ನಾನು ಹಲವು ಸಲ ತಪ್ಪು ಬರೆದು, ಹರಿದು ಹಾಕಿ ಕಲಿತದ್ದನ್ನು ಹೇಳುತ್ತೇನೆ.

ಉದಾಹರಣೆಗೆ ಒಂದು ಮನೆ ಕಟ್ಟಿಕೊಳ್ಳೋಣ. ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ದೊಡ್ಡವಳು ಸುಧಾ, ಹುಟ್ಟಿದ್ದು 1979. ರವಿ, 1982. ಕೊನೆಯವಳು ಲತಾ, 1988. ಅಪ್ಪನ ಹತ್ತಿರ ಒಂದು ಲೂನಾ ಇದೆ.

ಮೊದಲು ಮನೆ, ಆಮೇಲೆ ಏಟು

ಲೂನಾ ಸುಮ್ನೆ ಇಟ್ಟಿದ್ದಲ್ಲ. ಇಂಥ ಮನೆಯ ಮಕ್ಕಳು ಏಟಿಗಿಂತ ಮೊದಲು ಸದ್ದು ಕಲಿಯುತ್ತಾರೆ. ಗಾಡಿ ತಿರುವಿನಲ್ಲೇ ಆಫ್ ಆದರೆ ಒಂದು ಅರ್ಥ, ಮನೆ ಮುಂದೆ ಬಂದು ಆಫ್ ಆದರೆ ಇನ್ನೊಂದು. ಸ್ಟ್ಯಾಂಡ್ ಹಾಕುವ ಸದ್ದು, ಚಪ್ಪಲಿ ಬಿಡುವ ಸದ್ದು, ಬಚ್ಚಲಲ್ಲಿ ಕಾಲು ತೊಳೆಯುವಾಗ ಚೊಂಬು ಇಡುವ ಸದ್ದು. ಅಷ್ಟರೊಳಗೆ ಮೂವರೂ ಅವರವರ ಜಾಗ ಸೇರಿರಬೇಕು. ಸುಧಾ ಒಲೆ ಹತ್ತಿರ. ರವಿ ಪುಸ್ತಕ ಹಿಡಿದು, ಅದೂ ಸರಿಯಾದ ಪುಟ ತೆಗೆದು. ಪುಟ್ಟಿ ಅಪ್ಪನ ಕಾಲಿಗೆ ಅಡ್ಡ ಓಡುತ್ತಾಳೆ, ಯಾಕೆಂದರೆ ಅವಳಿಗೆ ಮಾತ್ರ ಓಡುವ ಧೈರ್ಯ ಇದೆ.

ಈ ದೃಶ್ಯದಲ್ಲಿ ಒಂದೂ ಏಟಿಲ್ಲ, ಅಲ್ವಾ? ಆದರೂ ಓದುವವರಿಗೆ ಮನೆ ಅರ್ಥವಾಯಿತು. ಅದಕ್ಕೇ ನಾನು ಹೇಳೋದು, ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಹಾಕಿ. ಯಾರು ಎಲ್ಲಿ ಮಲಗುತ್ತಾರೆ, ಹುಣಸೆ ಬರಲು ಎಲ್ಲಿ ಸಿಕ್ಕಿಸಿದ್ದಾರೆ, ಬಾಗಿಲು ಯಾರು ತೆಗೆಯಬೇಕು, ಪಕ್ಕದ ಮನೆಯವರಿಗೆ ಎಷ್ಟು ಕೇಳಿಸುತ್ತದೆ. ಆಮೇಲೆ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆದರೆ ಎಲ್ಲರಿಗೂ ಗೊತ್ತಿರುವ ಕಾನೂನುಗಳನ್ನು ಬರೆಯಿರಿ. ಅಪ್ಪ ಊಟಕ್ಕೆ ಕೂತಾಗ ಯಾರೂ ನಗಬಾರದು. ಬಾಸುಂಡೆ ಎದ್ದರೆ ತುಂಬು ತೋಳಿನ ಅಂಗಿ. ಯಾರಾದರೂ ಕೇಳಿದರೆ ಬಾವಿಕಟ್ಟೆ ಹತ್ತಿರ ಬಿದ್ದೆ. ಮನೆ ಮಾತು ಬೀದಿಗೆ ಹೋಗಬಾರದು.

ಇಲ್ಲೊಂದು ತೊಡಕಿದೆ. ಕನ್ನಡದ ಓದುಗ ಇದನ್ನೆಲ್ಲ ಓದಿ 'ಅಯ್ಯೋ, ನಮ್ಮ ಕಾಲದಲ್ಲಿ ಎಲ್ಲರೂ ಏಟು ತಿಂದವರೇ, ಅದರಲ್ಲೇನಿದೆ?' ಅಂದುಬಿಡಬಹುದು. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಹೊರತಂದಿತು, 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು, ಮೂವರಲ್ಲಿ ಇಬ್ಬರು ಒಂದಲ್ಲ ಒಂದು ರೀತಿ ದೈಹಿಕ ದೌರ್ಜನ್ಯ ಕಂಡವರು. ದಂಡಂ ದಶಗುಣಂ ಅನ್ನುವ ನಾಡು ನಮ್ಮದು. ಹಾಗಾದರೆ ನಿಮ್ಮ ಕತೆಯ ಏಟು ಬೇರೆ ಅಂತ ತೋರಿಸುವುದು ಹೇಗೆ? ಏಟಿನ ಲೆಕ್ಕ ಜಾಸ್ತಿ ಮಾಡಿ ಅಲ್ಲ. ರಕ್ತ ಹರಿಸಿ ಅಲ್ಲ. ಕಾರಣ ಕಿತ್ತುಹಾಕಿ. ತಪ್ಪು ಮಾಡಿದೆ, ಏಟು ಬಿತ್ತು ಅಂದರೆ ಮಗುವಿಗೆ ಲೆಕ್ಕ ಸಿಗುತ್ತದೆ, ಅದು ತಪ್ಪು ಲೆಕ್ಕವೇ ಇರಬಹುದು, ಆದರೂ ಲೆಕ್ಕ. ಸೋಮವಾರ ಹಾಲು ಚೆಲ್ಲಿದರೆ ಅಪ್ಪ ನಕ್ಕ, ಗುರುವಾರ ಹಾಲು ಚೆಲ್ಲಿದರೆ ಗೋಡೆಗೆ ತಳ್ಳಿದ ಅಂದರೆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಗ ಅದು ಹವಾಮಾನ ನೋಡಲು ಶುರು ಮಾಡುತ್ತದೆ. ಆಮೇಲೆ ಜೀವಮಾನ ಪೂರ್ತಿ ಎಲ್ಲರ ಮುಖದಲ್ಲೂ ಮೋಡ ಹುಡುಕುತ್ತದೆ.

ಗುರುವಾರ ಗೋಡೆಗೆ ತಳ್ಳಿದ ಅಪ್ಪ ಶುಕ್ರವಾರ ಸಂಜೆ ಕಡಲೆಮಿಠಾಯಿ ತರುತ್ತಾನೆ ಅನ್ನೋದನ್ನೂ ಮರೆಯಬೇಡಿ. ಆ ಮಿಠಾಯಿ ಪೊಟ್ಟಣ ನಿಮ್ಮ ಕತೆಯಲ್ಲಿ ಬೆಲ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ರವಿ ಅದನ್ನು ತಿನ್ನುತ್ತಾನಾ? ಸುಧಾ ತನ್ನ ಪಾಲನ್ನು ಯಾರಿಗೆ ಕೊಡುತ್ತಾಳೆ?

ವಯಸ್ಸಿನ ಲೆಕ್ಕ ಹಾಕಿ, ದಯವಿಟ್ಟು

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ಕತೆ ಇಲ್ಲೇ ಇರುತ್ತದೆ. ಎಡಗಡೆ ವರ್ಷ ಬರೆಯಿರಿ, ಬಲಗಡೆ ಪ್ರತಿ ಮಗುವಿನ ವಯಸ್ಸು. 1990ರಲ್ಲಿ ಅಪ್ಪನ ಮಂಡಿ ಕೆಲಸ ಹೋಯಿತು ಅಂತಿಟ್ಟುಕೊಳ್ಳಿ. ಆಗ ಸುಧಾಗೆ 11, ರವಿಗೆ 8, ಲತಾಗೆ 2. ಅಂದರೆ ಸುಧಾಗೆ ಕೆಲಸ ಇದ್ದ ಅಪ್ಪ ನೆನಪಿದ್ದಾನೆ, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಪ್ಪ. ಅವಳು ಆ ಅಪ್ಪ ವಾಪಸ್ ಬರುತ್ತಾನೆ ಅಂತ ಇಪ್ಪತ್ತು ವರ್ಷ ಕಾದಳು. ರವಿಗೆ ಬುದ್ಧಿ ಬರುವ ಹೊತ್ತಿಗೆ ಮನೆಯಲ್ಲಿ ಇದ್ದದ್ದು ಬೇರೆ ಅಪ್ಪ. ಇನ್ನು ಲತಾಗೆ ಹತ್ತು ವರ್ಷ ಆಗುವಾಗ, 1998ರಲ್ಲಿ, ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು, ಬೇರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿ, ಶನಿವಾರ ಭಜನೆಗೆ ಹೋಗೋಕೆ ಶುರು ಮಾಡಿ ಮೆತ್ತಗಾಗಿಬಿಟ್ಟಿದ್ದ. ಅವಳಿಗೆ ಸ್ಕೂಲ್ ಡೇ ದಿನ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ಅಪ್ಪ ಸಿಕ್ಕ.

ಹೀಗೆ ಒಂದೇ ಸೂರಿನ ಕೆಳಗೆ ಮೂವರು ಬೇರೆ ಬೇರೆ ಅಪ್ಪಂದಿರ ಜೊತೆ ಬೆಳೆದರು. ಅಪ್ಪ ಸತ್ತಾಗ ಲತಾ ಎದೆ ಬಡಿದುಕೊಂಡು ಅಳುವುದೂ ನಿಜ, ರವಿ ಶಾಮಿಯಾನದವನ ಜೊತೆ ಕುರ್ಚಿ ಲೆಕ್ಕ ಮಾತಾಡುತ್ತಾ ನಿಲ್ಲುವುದೂ ನಿಜ. 'ನೀನು ಅತ್ತೇ ಇಲ್ವಲ್ಲೋ' ಅಂತ ಲತಾ ಅಂದರೆ ಅಲ್ಲಿಂದ ನಿಮ್ಮ ಕಾದಂಬರಿ ಶುರುವಾಗಬಹುದು.

ಲೆಕ್ಕದ ಇನ್ನೊಂದು ಉಪಯೋಗ: ಸುಮಾರು ಮೂರು ವರ್ಷಕ್ಕಿಂತ ಮೊದಲಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಲತಾ 1990ನ್ನು 'ನೆನೆಸಿಕೊಳ್ಳುವ' ಹಾಗಿಲ್ಲ. ಅವಳ ಹತ್ತಿರ ಇರುವುದು ಅಕ್ಕ ಹೇಳಿದ್ದು, ಅಮ್ಮ ಮುಚ್ಚಿಟ್ಟಿದ್ದು. ಎರಡು ವರ್ಷದ ಮಗುವಿನ ಬಾಯಲ್ಲಿ ಪೂರ್ತಿ ಫ್ಲ್ಯಾಶ್‌ಬ್ಯಾಕ್ ಬರೆದ ಕತೆಗಳನ್ನು ನಾನು ಓದಿದ್ದೇನೆ. ಒಂದನ್ನು ನಾನೇ ಬರೆದಿದ್ದೇನೆ, ಅದು ಹೋಗಲಿ ಬಿಡಿ.

ಇಪ್ಪತ್ತು ರೂಪಾಯಿ

ರಾಮಾಯಣದ ವಾಲಿ ಸುಗ್ರೀವರನ್ನು ನೆನೆಸಿಕೊಳ್ಳಿ. ಮಾಯಾವಿಯನ್ನು ಅಟ್ಟಿಸಿಕೊಂಡು ವಾಲಿ ಗುಹೆಗೆ ನುಗ್ಗುತ್ತಾನೆ, ಸುಗ್ರೀವ ಬಾಗಿಲಲ್ಲಿ ಕಾಯುತ್ತಾನೆ. ಬಹಳ ಕಾಲ ಕಳೆದ ಮೇಲೆ ಒಳಗಿಂದ ರಕ್ತ ಹರಿದು ಬರುತ್ತದೆ. ಅಣ್ಣ ಸತ್ತ ಅಂದುಕೊಂಡು ಬಂಡೆ ಮುಚ್ಚಿ ಕಿಷ್ಕಿಂಧೆಗೆ ವಾಪಸ್ ಬರುತ್ತಾನೆ. ಒಳಗಿದ್ದ ವಾಲಿಗೆ ಕಂಡದ್ದು ಒಂದೇ: ತಮ್ಮ ಬಂಡೆ ಮುಚ್ಚಿದ. ಒಂದೇ ಬಂಡೆ, ಒಳಗಡೆ ನಿಂತವನಿಗೆ ಒಂದು ಅರ್ಥ, ಹೊರಗಡೆ ನಿಂತವನಿಗೆ ಇನ್ನೊಂದು. ಆ ಜಗಳ ಬಗೆಹರಿಯಲೇ ಇಲ್ಲ, ಬಾಣ ಬೀಳುವವರೆಗೂ.

ನಿಮ್ಮ ಕತೆಗೂ ಇಂಥದ್ದೊಂದು ಬಂಡೆ ಬೇಕು. ಒಂದೇ ಒಂದು ಘಟನೆ. ದೊಡ್ಡದಾಗಿರಬೇಕು ಅಂತಿಲ್ಲ. ನಮ್ಮ ತಿಪಟೂರಿನ ಮನೆಯಲ್ಲಿ ಅದು 1991ರ ಮಳೆಗಾಲ, ಅಪ್ಪನ ಅಂಗಿ ಜೇಬಿನಿಂದ ಕಾಣೆಯಾದ ಇಪ್ಪತ್ತು ರೂಪಾಯಿ. ತೆಗೆದದ್ದು ರವಿ, ಜಾಮಿಟ್ರಿ ಬಾಕ್ಸಿಗೆ. ಅದನ್ನು ಮೂವರ ಬಾಯಲ್ಲೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ.

ಸುಧಾಳ ಹಾಳೆ: 'ಅಪ್ಪ ಬರಲು ತಗೊಂಡ್ರು. ರವಿ ನಡುಗ್ತಿದ್ದ. ಪಾಪ, ಒಂಬತ್ತು ವರ್ಷದ ಮಗು. ನಾನೇ ಮುಂದೆ ಹೋಗಿ, ನಾನು ತಗೊಂಡೆ ಅಂದೆ.'

ರವಿಯ ಹಾಳೆ: 'ಯಾರು ತಗೊಂಡಿದ್ದು ಅಂದ. ನಾನು ಅಕ್ಕನ ಕಡೆ ಕೈ ತೋರಿಸಿದೆ.'

ಲತಾಳ ಹಾಳೆ: 'ಅವತ್ತು ಅಮ್ಮ ನನ್ನ ಎತ್ತಿಕೊಂಡು ಪಕ್ಕದ ಮನೆಗೆ ಟಿವಿ ನೋಡೋಕೆ ಹೋಗಿದ್ರಂತೆ. ನಂಗೇನೂ ಗೊತ್ತಿಲ್ಲ.'

ಯಾರದು ನಿಜ? ಸುಧಾ ಮುಂದೆ ಬಂದದ್ದೂ ನಿಜ ಇರಬಹುದು, ಅದಕ್ಕಿಂತ ಒಂದು ಗಳಿಗೆ ಮೊದಲು ರವಿಯ ಕೈ ಮೇಲೆದ್ದದ್ದೂ ನಿಜ ಇರಬಹುದು. ಅವಳು ಅದನ್ನು ನೋಡಲಿಲ್ಲ, ಇಲ್ಲಾ ನೋಡಿಯೂ ಅಳಿಸಿಹಾಕಿದಳು. ನೀವು ಬರೆಯುವವರು, ನಿಮಗೆ ಗೊತ್ತಿರಲಿ. ಪಾತ್ರಗಳಿಗೆ ಹೇಳಬೇಡಿ. ಯಾಕೆಂದರೆ ಮುಂದಿನ ಮೂವತ್ತು ವರ್ಷ ಇಬ್ಬರ ನಡುವೆ ನಡೆಯುವುದೆಲ್ಲ ಈ ಬಂಡೆಯ ಎರಡು ಕಡೆಯಿಂದ. ರವಿ ಬೆಂಗಳೂರಿಗೆ ಹೋಗಿ ಚೆನ್ನಾಗಿ ದುಡಿಯುತ್ತಾನೆ. ಅಕ್ಕನ ಮಗಳ ಕಾಲೇಜು ಫೀಸು ಕಟ್ಟುತ್ತಾನೆ. ಭಾವನ ಆಪರೇಷನ್‌ಗೆ ದುಡ್ಡು ಕಳಿಸುತ್ತಾನೆ. ಸುಧಾ ಅದನ್ನು ತಮ್ಮನ ಋಣ ಅಂದುಕೊಂಡು ತಲೆಯೆತ್ತಿ ತಗೊಳ್ಳುತ್ತಾಳೆ, ನಾನು ಅವನಿಗೋಸ್ಕರ ಏಟು ತಿಂದವಳು. ರವಿ ಕಟ್ಟುತ್ತಿರುವುದು ಋಣ ಅಲ್ಲ, ದಂಡ. ಪ್ರತಿ ಸಲ ಕಟ್ಟಿದಾಗಲೂ ಅವನಿಗೆ ಅಕ್ಕನ ಮೇಲೆ ಒಂಚೂರು ಸಿಟ್ಟು ಜಾಸ್ತಿಯಾಗುತ್ತದೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಒಡಹುಟ್ಟಿದವರ ಸಂಬಂಧ ಜಟಿಲ ಅನ್ನುತ್ತೇವಲ್ಲ, ಅದು ಪ್ರೀತಿ ಮತ್ತು ದ್ವೇಷ ಅರ್ಧ ಅರ್ಧ ಬೆರೆಸಿದ್ದು ಅಲ್ಲ. ಇದು. ಲೆಕ್ಕದ ಪುಸ್ತಕ ಎರಡು, ಎರಡರಲ್ಲೂ ಬಾಕಿ ಬೇರೆ ಬೇರೆ.

ಹಾಗೇ, ಏಟು ಕೆಳಗೆ ಹರಿಯುವುದನ್ನೂ ಬರೆಯಿರಿ. ಅಪ್ಪನಿಂದ ತಿಂದ ರವಿ ಮಧ್ಯಾಹ್ನ ಯಾರೂ ಇಲ್ಲದಾಗ ಪುಟ್ಟಿಯ ತೋಳು ತಿರುಚುತ್ತಿದ್ದ ಅಂದರೆ ಅವನು ಖಳನಾಯಕ ಆಗುವುದಿಲ್ಲ, ಆದರೆ ಲತಾಗೆ ಅದು ಆಗಿದ್ದು ಆಗಿದ್ದೇ. ಅವಳಿಗೆ ಭಯ ಇದ್ದದ್ದು ಅಪ್ಪನದಲ್ಲ, ಅಣ್ಣನದು. ಬಲಿಯಾದವನು ಎಲ್ಲರಿಗೂ ಒಳ್ಳೆಯವನಾಗಿರುತ್ತಾನೆ ಅನ್ನುವ ಹುಸಿ ನಂಬಿಕೆಯನ್ನು ಬಿಡದೆ ಈ ವಿಷಯ ಬರೆಯಲು ಆಗುವುದಿಲ್ಲ.

ಅಮ್ಮ ಎಲ್ಲಿದ್ದಳು?

ಲತಾಳ ಹಾಳೆಯನ್ನು ಇನ್ನೊಂದು ಸಲ ಓದಿ. ಅಮ್ಮ ಚಿಕ್ಕವಳನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಇಬ್ಬರನ್ನು ಬಿಟ್ಟು ಹೋದಳು.

ನಾನು ಗಮನಿಸಿದ ಮಟ್ಟಿಗೆ, ದೊಡ್ಡವರಾದ ಮೇಲೆ ಇಂಥ ಮನೆಯ ಮಕ್ಕಳು ಅಪ್ಪನ ಬಗ್ಗೆ ಜಗಳ ಆಡುವುದು ಕಡಿಮೆ. ಅಪ್ಪನ ತೀರ್ಪು ಆಗಿಹೋಗಿರುತ್ತದೆ. ಜಗಳ ಎಲ್ಲ ಅಮ್ಮನ ಮೇಲೆ. 'ಅಮ್ಮನಾದರೂ ಏನು ಮಾಡೋಕೆ ಆಗ್ತಿತ್ತು, ಅವಳಿಗೂ ಬೀಳ್ತಿತ್ತು' ಅನ್ನುವವರು ಒಬ್ಬರು. 'ತವರಿಗೆ ಹೋಗಬಹುದಿತ್ತು, ಮಾವ ಕರೆದಿದ್ರು' ಅನ್ನುವವರು ಇನ್ನೊಬ್ಬರು. ಮೂರನೆಯವರು ಎದ್ದು ಪಾತ್ರೆ ತೊಳೆಯಲು ಹೋಗುತ್ತಾರೆ. ಇದನ್ನು ಬಗೆಹರಿಸಲು ಹೋಗಬೇಡಿ. 1991ರಲ್ಲಿ ಮೂರು ಮಕ್ಕಳಿದ್ದ, ಕೈಯಲ್ಲಿ ದುಡ್ಡಿಲ್ಲದ ಹೆಂಗಸಿಗೆ ಎಷ್ಟು ದಾರಿ ಇತ್ತು ಅಂತ ಬರೆಯುವವರು ತಿಳಿದುಕೊಳ್ಳಬೇಕು. ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ ಈಗಿನ ಕಾಯ್ದೆ ಬಂದದ್ದೇ 2005ರಲ್ಲಿ. ಆದರೆ ಹನ್ನೆರಡು ವರ್ಷದ ಸುಧಾಗೆ ಕಾಯ್ದೆ ಬೇಕಿರಲಿಲ್ಲ, ಅಮ್ಮ ವಾಪಸ್ ತಿರುಗಿ ನೋಡುವುದು ಬೇಕಿತ್ತು. ಎರಡೂ ಒಂದೇ ಪುಟದಲ್ಲಿ ಇರಲಿ.

ಇನ್ನೊಂದು. ಅಮ್ಮನಿಗೆ ವಯಸ್ಸಾದ ಮೇಲೆ ಅವಳನ್ನು ಯಾರು ನೋಡಿಕೊಳ್ಳುತ್ತಾರೆ? ಬಹಳ ಸಲ, ಯಾರನ್ನು ಬಿಟ್ಟು ಹೋಗಿದ್ದಳೋ ಅವರೇ. ಯಾಕೆ ಅಂತ ವಿವರಿಸಬೇಡಿ. ಸುಧಾ ಅಮ್ಮನ ತಲೆಗೆ ಎಣ್ಣೆ ಹಚ್ಚುವುದನ್ನು ಬರೆಯಿರಿ, ಕೈ ಸ್ವಲ್ಪ ಬಿಗಿಯಾಗಿದೆ ಅಂತ ಅಮ್ಮ ಅನ್ನಲಿ. ಸಾಕು.

ದೊಡ್ಡವರಾದ ಮೇಲೆ ಉಳಿಯುವುದು

ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದಿರಬೇಕು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅನ್ನುವ ವೈದ್ಯರು ತಮ್ಮ ತಂಡದ ಜೊತೆ ಮಾಡಿದ ಅಧ್ಯಯನದ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಒಟ್ಟು 17,000ಕ್ಕೂ ಹೆಚ್ಚು ವಯಸ್ಕರಿಗೆ ಬಾಲ್ಯದ ಕಹಿ ಅನುಭವಗಳ ಬಗ್ಗೆ ಪ್ರಶ್ನೆ ಕೇಳಿದ್ದರು. ಹೊಡೆತ ಒಂದೇ ಅಲ್ಲ, ತಾಯಿಗೆ ಹೊಡೆಯುವುದನ್ನು ಕಂಡದ್ದು, ಮನೆಯಲ್ಲಿ ಕುಡುಕರಿದ್ದದ್ದು, ಬೈಗುಳ, ಅವಮಾನ ಎಲ್ಲ ಲೆಕ್ಕಕ್ಕಿತ್ತು. ಇಂಥ ಅನುಭವಗಳ ಸಂಖ್ಯೆ ಏರಿದ ಹಾಗೆ ಮುಂದೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಹೃದಯದ ಕಾಯಿಲೆ ಇವೆಲ್ಲದರ ಅಪಾಯವೂ ಏರುತ್ತಿತ್ತು. ಕತೆಗಾರರಿಗೆ ಇದರಲ್ಲಿ ಎರಡು ವಿಷಯ ಸಿಗುತ್ತದೆ. ಒಂದು, ಏಟು ತಿನ್ನದೆ ಪಕ್ಕದಲ್ಲಿ ನಿಂತು ನೋಡಿದ ಮಗುವೂ ಲೆಕ್ಕದಲ್ಲಿದೆ. ಎರಡು, ಇದು ಅಪಾಯದ ಮಾತು, ಹಣೆಬರಹ ಅಲ್ಲ. ಏಟು ತಿಂದವರೆಲ್ಲ ಕುಡುಕರಾಗುವುದಿಲ್ಲ, ಎಲ್ಲರೂ ತಮ್ಮ ಮಕ್ಕಳಿಗೆ ಹೊಡೆಯುವುದೂ ಇಲ್ಲ. ನಿಮ್ಮ ಪಾತ್ರವನ್ನು ಅಂಕಿಅಂಶದ ಕೋಷ್ಟಕಕ್ಕೆ ತಳ್ಳಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಮೊದಲ ಸಲ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅನ್ನುವ ಮಾನಸಿಕ ಕಾಯಿಲೆಯನ್ನು ಬೇರೆಯಾಗಿ ಸೇರಿಸಿದರು. ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಬಹಳ ಕಾಲ, ಮತ್ತೆ ಮತ್ತೆ ನಡೆದ ಹಿಂಸೆಯ ನಂತರ ಬರುವಂಥದ್ದು. ಭಾವನೆ ಹತೋಟಿಗೆ ಸಿಗದಿರುವುದು, ನಾನು ಕೆಲಸಕ್ಕೆ ಬಾರದವನು ಅನ್ನುವ ಗಟ್ಟಿ ನಂಬಿಕೆ, ಯಾರ ಹತ್ತಿರವೂ ಹೆಚ್ಚು ಹೊತ್ತು ಉಳಿಯಲಾಗದಿರುವುದು. ಈ ಹೆಸರನ್ನು ತಿಳಿದುಕೊಳ್ಳಿ, ಕತೆಯಲ್ಲಿ ಬಳಸಬೇಡಿ. 2003ರಲ್ಲಿ ತಿಪಟೂರಿನಲ್ಲಿ ನಡೆಯುವ ಕತೆಯ ಸುಧಾ 'ನನಗೆ ಟ್ರಾಮಾ ಇದೆ' ಅನ್ನುವುದಿಲ್ಲ. 'ಯಾಕೋ ಎದೆ ಹೊಡ್ಕೊಳುತ್ತೆ, ಗ್ಯಾಸ್ ಇರಬೇಕು' ಅನ್ನುತ್ತಾಳೆ.

ಹಾಗಾದರೆ ಏನು ಬರೆಯಬೇಕು? ಸಣ್ಣದು. ಸುಧಾ ಬ್ಯಾಂಕಿನಲ್ಲಿ ಕ್ಯಾಷಿಯರ್. ಕೌಂಟರ್ ಮುಂದೆ ಬಂದವರ ಮುಖ ನೋಡಿಯೇ ಯಾರು ಜಗಳ ತೆಗೆಯುತ್ತಾರೆ ಅಂತ ಅವಳಿಗೆ ಗೊತ್ತಾಗುತ್ತದೆ, ಅವರು ಬಾಯಿ ತೆರೆಯುವ ಮೊದಲೇ ನಗುತ್ತಾಳೆ. ಎಲ್ಲರೂ ಅವಳನ್ನು ಹೊಗಳುತ್ತಾರೆ. ಗಾಯ ಇಲ್ಲಿ ಪ್ರತಿಭೆಯ ವೇಷದಲ್ಲಿದೆ, ಇಂಥದ್ದನ್ನು ಹುಡುಕಿ. ಗಂಡ ಸುಮ್ಮನೆ ಪೇಪರ್ ಓದುತ್ತಾ ಕೂತರೂ 'ಏನಾಯ್ತು? ನನ್ನ ಮೇಲೆ ಕೋಪಾನಾ?' ಅಂತ ಮೂರು ಸಲ ಕೇಳುತ್ತಾಳೆ. ಮೂರನೇ ಸಲಕ್ಕೆ ಅವನಿಗೆ ನಿಜವಾಗಲೂ ಕೋಪ ಬರುತ್ತದೆ. ರವಿ ಹೋಟೆಲಿಗೆ ಹೋದರೆ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರಬೇಕು. ಅವನ ಮಗ ಪರೀಕ್ಷೆಯಲ್ಲಿ ಫೇಲಾದ ದಿನ ರವಿ ಚಪ್ಪಲಿ ಹಾಕಿಕೊಂಡು ಮನೆಯಿಂದ ಹೊರಗೆ ಹೋಗಿ ಎರಡು ಗಂಟೆ ನಡೆಯುತ್ತಾನೆ, ಕೈ ಎತ್ತಿಬಿಡುತ್ತೇನೆ ಅನ್ನುವ ಭಯ. ಮಗನಿಗೆ ಅರ್ಥವಾಗುವುದು ಇಷ್ಟೇ: ನಾನು ಫೇಲಾದೆ, ಅಪ್ಪ ಬಿಟ್ಟು ಹೋದ. ಹೊಡೆಯದೇ ಇರಲು ಪಟ್ಟ ಪಾಡೇ ಇನ್ನೊಂದು ಗಾಯವಾಗುತ್ತದೆ.

ಲತಾ? ಅವಳಿಗೆ ಏನೂ ಆಗಿಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಅವಳ ಕಷ್ಟವೇ ಅದು. ಅಕ್ಕ ಅಣ್ಣ ಕಣ್ಣಲ್ಲೇ ಮಾತಾಡಿಕೊಳ್ಳುವ ಒಂದು ಭಾಷೆ ಇದೆ, ಅದು ಅವಳಿಗೆ ಬರುವುದಿಲ್ಲ. ತಾನು ಪ್ರೀತಿಸಿದ ಅಪ್ಪನನ್ನು ಅವರ ಮುಂದೆ ಪ್ರೀತಿಸುವ ಹಾಗಿಲ್ಲ. ಉಳಿದುಕೊಂಡವಳ ಈ ಒಂಟಿತನದ ಬಗ್ಗೆ ಕತೆಗಳಲ್ಲಿ ಬಹಳ ಕಡಿಮೆ ಕಂಡಿದ್ದೇನೆ, ಯಾರಾದರೂ ಬರೆಯಿರಿ.

ನೆನಪು ಬರುವ ರೀತಿಯ ಬಗ್ಗೆ ಒಂದು ಮಾತು. ಅದು ಸಿನಿಮಾದ ಹಾಗೆ ಶುರುವಿಂದ ಕೊನೆವರೆಗೂ ಓಡುವುದಿಲ್ಲ. ಒಣಕೊಬ್ಬರಿಯ ವಾಸನೆ ಬಂತು, ಅಂಗೈ ಬೆವರಿತು, ಯಾಕೆ ಅಂತ ತಿಳಿಯಲಿಲ್ಲ, ಅಷ್ಟೇ. ಸ್ಟೀಲ್ ತಟ್ಟೆ ಬಿದ್ದ ಸದ್ದಿಗೆ ನಲವತ್ತೈದರ ಹೆಂಗಸು ಮದುವೆ ಮನೆಯ ನಡುವೆ ಕಲ್ಲಿನ ಹಾಗೆ ನಿಂತಳು. ದೃಶ್ಯ ಪೂರ್ತಿ ತೋರಿಸಬೇಕು ಅನ್ನುವ ಆಸೆಯನ್ನು ತಡೆದುಕೊಳ್ಳಿ.

ಮಾತಾಡಿಸುವುದು

ಕನ್ನಡದಲ್ಲಿ ಬರೆಯುವವರಿಗೆ ಒಂದು ವರ ಇದೆ: ಬಹುವಚನ. ಅಪ್ಪನನ್ನು ಯಾವ ಮಗು 'ಬಂದ್ರು' ಅನ್ನುತ್ತದೆ, ಯಾವುದು 'ಬಂದ' ಅನ್ನುತ್ತದೆ, ಯಾವ ವರ್ಷದಿಂದ ಅದು ಬದಲಾಯಿತು? ಮೇಲಿನ ಹಾಳೆಗಳಲ್ಲಿ ಸುಧಾ 'ತಗೊಂಡ್ರು' ಅಂದಳು, ರವಿ 'ಅಂದ' ಅಂದ. ಒಂದು ಕಡೆ, ಒಂದೇ ಒಂದು ಕಡೆ, ಸುಧಾ ಬಾಯಿ ತಪ್ಪಿ 'ಅವನು' ಅಂದುಬಿಟ್ಟರೆ ಎರಡು ಪುಟದ ಆಕ್ರೋಶ ಉಳಿಯುತ್ತದೆ. ಧಾರವಾಡದ ಕಡೆಯವರಾದರೆ, ಮಂಗಳೂರಿನವರಾದರೆ ಅವರವರ ಮನೆಯ ಕರೆಯುವ ರೀತಿ ಬೇರೆ, ನಿಮ್ಮ ಊರಿನದ್ದನ್ನೇ ಬಳಸಿ, ಪುಸ್ತಕದ ಕನ್ನಡಕ್ಕೆ ಇಸ್ತ್ರಿ ಮಾಡಬೇಡಿ.

ಇನ್ನು, ಇವರು ಆ ವಿಷಯ ಮಾತಾಡುವುದೇ ಇಲ್ಲ. ಮಾತಾಡುವುದು ಬೇರೆ ಏನನ್ನೋ.

'ಅಕ್ಕ, ಪೈಪ್ ರಿಪೇರಿ ಆಯ್ತಾ?'
'ಆಯ್ತು ಕಣೋ. ಬಿಪಿ ಮಾತ್ರೆ ತಗೊಳ್ತಿದೀಯಾ?'
'ಹ್ಞೂಂ.'
'ಸುಳ್ಳು ಹೇಳ್ಬೇಡ.'
'ಇಲ್ಲ ಕಣೇ. ನಿನ್ನ ದನಿ ಯಾಕೆ ಹಂಗಿದೆ?'
'ಲೂನಾ ಬಂತು.'

ಲೂನಾ ಮಾರಿ ಇಪ್ಪತ್ತು ವರ್ಷ ಆಗಿದೆ. ಆದರೆ ಆ ಇಬ್ಬರಿಗೂ ಅದು ಗುಪ್ತಪದ, ಮನೆಯಲ್ಲಿ ಯಾರೋ ಸಿಟ್ಟಲ್ಲಿದ್ದಾರೆ, ಆಮೇಲೆ ಮಾತಾಡ್ತೀನಿ ಅಂತ. ಅಂದರೆ ಸುಧಾಳ ಗಂಡನ ಬಗ್ಗೆ ನಮಗೆ ಏನೋ ತಿಳಿಯಿತು. ರವಿಗೂ ತಿಳಿಯಿತು. ಅವನು ಏನು ಮಾಡುತ್ತಾನೆ? ದುಡ್ಡು ಕಳಿಸುತ್ತಾನೆ.

ಹಾಸ್ಯವೂ ಇರಲಿ. ಇಂಥ ಅಕ್ಕ ತಮ್ಮಂದಿರು ಸೇರಿದರೆ ಅಪ್ಪನ ಅನುಕರಣೆ ಮಾಡಿ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ. ಹೊರಗಿನಿಂದ ಬಂದ ಸೊಸೆ ಗಾಬರಿಯಾಗಿ ನೋಡುತ್ತಾಳೆ.

ಎಲ್ಲಿ ಒಟ್ಟಿಗೆ ಕೂಡಿಸುವುದು

ದೂರ ದೂರ ಇರುವ ಒಡಹುಟ್ಟಿದವರನ್ನು ಒಂದೇ ಕೋಣೆಗೆ ತರಲು ನಮ್ಮಲ್ಲಿ ನೆಪಗಳಿಗೆ ಬರವಿಲ್ಲ. ಗೌರಿ ಹಬ್ಬದ ಬಾಗಿನ, ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ತವರಿಗೆ ಬರುವುದು, ತಿಥಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಸರದಿ ಮೇಲೆ ರಾತ್ರಿ ಕಳೆಯುವುದು. ಆದರೆ ನನ್ನ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸನ್ನು ಮೀರಿಸುವ ಜಾಗ ಇಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆ ಸುಮ್ಮನೆ ಹುಟ್ಟಲಿಲ್ಲ. ಅಕ್ಕ ತಂಗಿಯರಿಗೆ ಅಲ್ಲಿ ಹಕ್ಕು ಬಿಡುಗಡೆ ಪತ್ರ ಕಾಯುತ್ತಿರುತ್ತದೆ.

ಇಲ್ಲಿ ಇಸವಿ ನೋಡಿಕೊಂಡು ಬರೆಯಿರಿ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಯಿತು. 2015ರಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಅಂದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಅವತ್ತು ಬದುಕಿರಬೇಕಾಗಿಲ್ಲ ಅಂದಿತು. ಹಾಗಾಗಿ ನಿಮ್ಮ ಕತೆಯ ಮಗಳು 1994ಕ್ಕೆ ಮೊದಲೇ ಮದುವೆಯಾಗಿ, ಅಪ್ಪ 2004ರಲ್ಲಿ ತೀರಿಕೊಂಡಿದ್ದರೆ, 2017ರಲ್ಲಿ ವಕೀಲರು ಅವಳಿಗೆ ಹೇಳುವುದು ಒಂದು, 2021ರಲ್ಲಿ ಹೇಳುವುದು ಇನ್ನೊಂದು. ಅಪ್ಪನ ಸ್ವಯಾರ್ಜಿತವಾದರೆ ಕತೆಯೇ ಬೇರೆ, ಅವನು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಹೊಡೆದ ಅಪ್ಪ, ಹೊಡೆಸಿಕೊಂಡ ಮಗನಿಗೇ ಎಲ್ಲ ಬರೆದು ಹೋದರೆ?

ನಮ್ಮ ಮನೆಯಲ್ಲಿ ಹೀಗೆ ಮಾಡಿ ನೋಡಿ. ರವಿ ಸಹಿ ಕೇಳುವುದಿಲ್ಲ. ತನ್ನ ಪಾಲನ್ನೇ ಅಕ್ಕನ ಹೆಸರಿಗೆ ಬಿಟ್ಟುಕೊಡುವ ಪತ್ರ ತಂದಿದ್ದಾನೆ. ದಂಡ ಪೂರ್ತಿ ಕಟ್ಟಿ ಕೈ ತೊಳೆದುಕೊಳ್ಳುವ ಆಸೆ. ಸುಧಾಗೆ ಅವಮಾನವಾಗುತ್ತದೆ. 'ನಾನು ನಿನ್ನ ಹತ್ರ ಕೇಳಿದ್ನಾ?' ಲತಾ ಇಬ್ಬರ ನಡುವೆ ಬೆಂಚಿನ ಮೇಲೆ ಕೂತು, ಈ ಜಗಳ ಯಾವುದರ ಬಗ್ಗೆ ಅಂತ ಗೊತ್ತಾಗದೆ ಟೋಕನ್ ನಂಬರ್ ನೋಡುತ್ತಿದ್ದಾಳೆ. ಬಾಂಡ್ ಪೇಪರ್ ಟೈಪ್ ಮಾಡಿದವನು ಸಾಕ್ಷಿ ಸಹಿಗೆ ಇನ್ನೂ ಒಬ್ಬರು ಬೇಕು ಅನ್ನುತ್ತಾನೆ.

ಕ್ಷಮೆ, ಮತ್ತು ಬರೆಯುವವರ ಪಾಡು

ಕೊನೆಯಲ್ಲಿ ಅಪ್ಪನನ್ನು ಕ್ಷಮಿಸಲೇಬೇಕು ಅಂತ ಯಾವ ಸಂಪಾದಕರೂ ನಿಮಗೆ ಹೇಳಿಲ್ಲ, ನೀವೇ ಅಂದುಕೊಂಡಿದ್ದೀರಿ. ಕ್ಷಮಿಸುವ ಪಾತ್ರವೂ ಇರಬಹುದು. ಒಬ್ಬರು ಕ್ಷಮಿಸಿ ಇನ್ನೊಬ್ಬರು ಕ್ಷಮಿಸದಿದ್ದಾಗ ಮನೆಯಲ್ಲಿ ಏನಾಗುತ್ತದೆ ಅನ್ನುವುದು ಅದಕ್ಕಿಂತ ಒಳ್ಳೆಯ ಕತೆ. 'ನೀನು ಯಾವ ಲೆಕ್ಕದಲ್ಲಿ ಕ್ಷಮಿಸಿದೆ, ಬಿದ್ದದ್ದು ನನ್ನ ಬೆನ್ನಿಗೆ' ಅಂತ ರವಿ ಕೇಳಬಹುದು. ಅಪ್ಪನ ಕಡೆಯ ಕತೆಯೂ ನಿಮಗೆ ಗೊತ್ತಿರಲಿ, ಅವನೂ ಯಾರದೋ ಏಟು ತಿಂದವನು, ಕೆಲಸ ಕಳೆದುಕೊಂಡವನು. ಅದನ್ನು ಹೇಳಿ. ಹೇಳಿದ ಮೇಲೆ ಮಾಫಿ ಪತ್ರ ಲಗತ್ತಿಸಬೇಡಿ.

ಲೈಂಗಿಕ ದೌರ್ಜನ್ಯದ ಬಗ್ಗೆ ಒಂದೇ ಮಾತು. ಕೃತ್ಯದ ವಿವರ ಪುಟದ ಮೇಲೆ ಬೇಡ. ಬಾಗಿಲು ಮುಚ್ಚಿತು ಅಂದರೆ ಓದುವವರಿಗೆ ತಿಳಿಯುತ್ತದೆ, ಅದಕ್ಕಿಂತ ಜಾಸ್ತಿ ಬರೆದರೆ ಯಾರಿಗಾಗಿ ಬರೆಯುತ್ತಿದ್ದೀರಿ ಅಂತ ಕೇಳಿಕೊಳ್ಳಬೇಕಾಗುತ್ತದೆ. ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್‌ನಲ್ಲಿ. ಅದಾದ ಮೇಲಿನ ಕತೆಯಾದರೆ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ ಅನ್ನುವುದು ನೆನಪಿರಲಿ. ನಿಮ್ಮ ಟೀಚರ್ ಪಾತ್ರ ಸುಮ್ಮನಿದ್ದರೆ ಅದು ಬರೀ ಮೌನ ಅಲ್ಲ, ಅಪರಾಧ.

ಬರೆಯುವಾಗ ನಿಮ್ಮದೇ ಏನಾದರೂ ಮೇಲೆ ಬಂದರೆ ಪೆನ್ನು ಕೆಳಗಿಡಿ. ಕತೆ ಎಲ್ಲಿಗೂ ಓಡಿಹೋಗುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಈಗ ಯಾವುದೋ ಮಗುವಿಗೆ ಹೀಗಾಗುತ್ತಿದೆ ಅಂತ ಗೊತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಇನ್ನು ಮನೆಯವರಿಗೆ ತೋರಿಸಬೇಕಾ ಅನ್ನುವ ಪ್ರಶ್ನೆ. ಹೆಸರು, ಊರು, ಕೆಲಸ ಬದಲಾಯಿಸಿ ಅನ್ನುವುದು ಎಲ್ಲರೂ ಹೇಳುವ ಮಾತು. ಬದಲಾಯಿಸಿದರೂ ಒಡಹುಟ್ಟಿದವರಿಗೆ ಗೊತ್ತಾಗಿಯೇ ಆಗುತ್ತದೆ. ಅಚ್ಚಾಗುವ ಮೊದಲು ತೋರಿಸುವುದು ವಾಸಿ ಅಂತ ನನಗೆ ಅನ್ನಿಸುತ್ತದೆ. ಒಪ್ಪಿಗೆ ಕೇಳಲು ಅಲ್ಲ, ಅವರು ಅದನ್ನು ಬೇರೆಯವರ ಬಾಯಲ್ಲಿ ಕೇಳಬಾರದು ಅಂತ. ನಾನು ಹಾಗೆ ಒಂದು ಕತೆಯನ್ನು ನಮ್ಮಕ್ಕನಿಗೆ ಕಳಿಸಿದೆ. ನಮ್ಮ ಮನೆಯಲ್ಲಿ ಇದ್ದದ್ದು ಲೂನಾ ಅಲ್ಲ, ಸೈಕಲ್ಲು. ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಫೋನ್ ಮಾಡಿದಳು. ಹಲಸಿನ ಹಪ್ಪಳ ಕಳಿಸಿದೀನಿ, ಬಂತಾ ಅಂದಳು. ಮಳೆ ಹೇಗಿದೆ ಅಂದಳು. ಇಡುವ ಮೊದಲು ಅಂದಳು, 'ಅದೇನೋ ಸ್ಟ್ಯಾಂಡ್ ಸದ್ದು ಅಂತ ಬರೆದಿದೀಯಲ್ಲ, ತಪ್ಪು. ಅವರು ಸ್ಟ್ಯಾಂಡ್ ಹಾಕ್ತಾನೇ ಇರಲಿಲ್ಲ. ಗೋಡೆಗೆ ಒರಗಿಸೋರು. ಹ್ಯಾಂಡಲ್ ಗೀಚಿ ಗೀಚಿ ಅಲ್ಲಿ ಒಂದು ಗೆರೆ ಆಗಿತ್ತು. ನಿಂಗೆ ಗೊತ್ತಿಲ್ಲ, ನೀನು ಒಳಗಿರ್ತಿದ್ದೆ.'